ಆರೋಪ ಹೊರಿಸಲು ಎಷ್ಟು ಪುರಾವೆ ಸಾಕು?

ಆರೋಪಿಯೆಂಬ ಹಣೆಪಟ್ಟಿ ಹಚ್ಚಲು ಒಂದು ದಿನ ಸಾಕು. ಅದನ್ನು ಕಳಚಲು ವರ್ಷಗಳೇ ಬೇಕು. ಆದ್ದರಿಂದ ಒಬ್ಬನನ್ನು ಶಿಕ್ಷಿಸಲು ಎಷ್ಟು ಪುರಾವೆ ಬೇಕೆಂಬ ಪ್ರಶ್ನೆಯಷ್ಟೇ, ಅವನನ್ನು ಕಟಕಟೆಗೆ ತರಲು ಎಷ್ಟು ಪುರಾವೆ ಸಾಕೆಂಬ ಪ್ರಶ್ನೆಯೂ ಮುಖ್ಯವಾದುದು. ಇದಕ್ಕೆ ಅಮೇರಿಕದ ಸುಪ್ರೀಮ್ ಕೋರ್ಟ್ ನೀಡಿರುವ ಉತ್ತರ ಕಳವಳಕಾರಿಯಾಗಿದೆ.

1791ರಲ್ಲಿ ಜಾರಿಗೆ ಬಂದ ಅಲ್ಲಿನ ಸಂವಿಧಾನದ ಐದನೆಯ ತಿದ್ದುಪಡಿಯ ಪ್ರಕಾರ, ಗಂಭೀರ ಅಪರಾಧದ ಆರೋಪವನ್ನು ಕೇಂದ್ರ ಸರಕಾರವು ತಾನಾಗಿಯೇ ಹೊರಿಸುವಂತಿಲ್ಲ. ಅದಕ್ಕೆ 'ಗ್ರ್ಯಾಂಡ್ ಜ್ಯೂರಿ'ಯ ಸಮ್ಮತಿ ಬೇಕು. 16ರಿಂದ 23 ಮಂದಿ ಸಾಮಾನ್ಯ ನಾಗರಿಕರ ಈ ಮಂಡಳಿಯಲ್ಲಿ ಕನಿಷ್ಠ 12 ಮಂದಿ ಒಪ್ಪಬೇಕು. ಇದು ಪ್ರಭುತ್ವದ ದುಡುಕಿನಿಂದ ಪ್ರಜೆಯನ್ನು ಕಾಯುವ ಗುರಾಣಿಯಾಗಬೇಕಿತ್ತು. ಆದರೆ ಅದರ ಕಲಾಪ ಗುಪ್ತ. ಅಲ್ಲಿ ನ್ಯಾಯಾಧೀಶರಿಲ್ಲ, ಆರೋಪಿಯ ವಕೀಲರೂ ಇಲ್ಲ.

ಭೂಗತ ಲೋಕದ ಕುಖ್ಯಾತ ಫ್ರಾಂಕ್ ಕಾಸ್ಟೆಲೊನ ತೆರಿಗೆ ವಂಚನೆಯ ಮೊಕದ್ದಮೆಯಲ್ಲಿ ಸರಕಾರವು 144 ಸಾಕ್ಷಿಗಳನ್ನೂ 368 ದಾಖಲೆಗಳನ್ನೂ ಮುಂದಿಟ್ಟಿತು. ಆದರೆ ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷ್ಯ ನುಡಿದವರು ಮೂವರು ತನಿಖಾಧಿಕಾರಿಗಳು ಮಾತ್ರ. ಅವರು ಹೇಳಿದ್ದು ತಾವು ಕಂಡದ್ದನ್ನಲ್ಲ, ಸಂಗ್ರಹಿಸಿದ್ದರ ಸಾರಾಂಶವನ್ನು. ಅಷ್ಟೇ ಸಾಕೆಂದು 1956ರಲ್ಲಿ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ತೀರ್ಪಿತ್ತರು. ಆರೋಪದ ಹಂತದಲ್ಲಿಯೇ ಪುರಾವೆಯನ್ನು ತೂಗಲು ಹೊರಟರೆ ವಿಚಾರಣೆಗೆ ಮುನ್ನ ಇನ್ನೊಂದು ವಿಚಾರಣೆ ನಡೆದು ವಿಳಂಬವಾಗುತ್ತದೆ ಎಂಬುದು ಅವರ ವಾದ. ಆರೋಪಿಯ ಪರವಾದ ಪುರಾವೆ ಕೈಯಲ್ಲಿದ್ದರೂ ಸರಕಾರಿ ವಕೀಲರು ಅದನ್ನು ಗ್ರ್ಯಾಂಡ್ ಜ್ಯೂರಿಗೆ ತೋರಿಸಬೇಕಿಲ್ಲ ಎಂದು 1992ರ ವಿಲಿಯಮ್ಸ್ ತೀರ್ಪು ಹೇಳಿತು.

ಸತ್ಯವು ವಿಚಾರಣೆಯಲ್ಲಿ ಹೊರಬರುತ್ತದಲ್ಲ ಎಂದು ಕೇಳಬಹುದು. ಆದರೆ ವಿಚಾರಣೆಯನ್ನು ಎದುರಿಸಲು ವಕೀಲರು ಬೇಕು, ವಕೀಲರಿಗೆ ಹಣ ಬೇಕು. 2014ರ ಕೇಲಿ ಪ್ರಕರಣದಲ್ಲಿ ದಂಪತಿಗಳು ವಕೀಲರಿಗೆಂದು ತೆಗೆದಿರಿಸಿದ ಹಣವನ್ನೇ ಸರಕಾರ ತಡೆಹಿಡಿದಿತ್ತು. ಗ್ರ್ಯಾಂಡ್ ಜ್ಯೂರಿ ಆರೋಪವನ್ನು ಒಪ್ಪಿದ ಮೇಲೆ, ಆರೋಪಕ್ಕೆ ಆಧಾರವಿಲ್ಲವೆಂದು ವಾದಿಸಿ ಹಣ ಬಿಡಿಸಿಕೊಳ್ಳುವ ಹಕ್ಕು ಅವರಿಗಿಲ್ಲ ಎಂದು ಕೋರ್ಟ್ ನುಡಿಯಿತು. ಅದೇ ಪ್ರಕರಣದ ಸಹ ಆರೋಪಿಯೊಬ್ಬರು ಅದಾಗಲೇ ವಿಚಾರಣೆ ಎದುರಿಸಿ ನಿರ್ದೋಷಿಯೆಂದು ಬಿಡುಗಡೆಗೊಂಡಿದ್ದರೆಂಬುದು ಗಮನಾರ್ಹ. ಒಂದು ಪಕ್ಷದ ಮಾತನ್ನಷ್ಟೇ ಕೇಳಿದ ಮಂಡಳಿಯ ಒಪ್ಪಿಗೆಗೆ ಇಷ್ಟು ಭಾರವನ್ನು ಹೊರಿಸುವುದು ನ್ಯಾಯವೇ?

ಬೇರೆ ದಾರಿಯಿಲ್ಲವೆಂದಲ್ಲ. ನ್ಯೂಯಾರ್ಕ್ ರಾಜ್ಯದ ಕಾನೂನು ಆರೋಪದ ಹಂತದಲ್ಲಿಯೇ ಕಾನೂನುಬದ್ಧವಾದ, ಸಾಕಷ್ಟು ಪುರಾವೆಯನ್ನು ಕೇಳುತ್ತದೆ. ಕೇಳಿಕೆಯ ಮಾತಿಗೆ ಅಲ್ಲಿ ಕೆಲವು ವಿನಾಯಿತಿಗಳ ಹೊರತು ಸ್ಥಾನವಿಲ್ಲ. ಆರೋಪಿಯು ಕೋರಿದರೆ ನ್ಯಾಯಾಧೀಶರು ಗ್ರ್ಯಾಂಡ್ ಜ್ಯೂರಿಯ ಕಲಾಪದ ದಾಖಲೆಯನ್ನು ಪರಿಶೀಲಿಸಿ, ಪುರಾವೆ ಸಾಲದಿದ್ದರೆ ಆರೋಪವನ್ನು ವಜಾಗೊಳಿಸಬಹುದು. ಇದರಿಂದ ಅಲ್ಲಿ ನ್ಯಾಯದಾನವೇನೂ ನಿಂತುಹೋಗಿಲ್ಲ.

ಅಪರಾಧಿಗಳು ತಪ್ಪಿಸಿಕೊಳ್ಳಲಿ ಎಂದು ನಾವು ಹೇಳುತ್ತಿಲ್ಲ. ಕಾಸ್ಟೆಲೊನ ವಿರುದ್ಧ 144 ಸಾಕ್ಷಿಗಳಿದ್ದರು. ಅವರಲ್ಲಿ ನೇರವಾಗಿ ಬಲ್ಲ ಕೆಲವರನ್ನಾದರೂ ಮೊದಲೇ ಕರೆತರುವುದು ಸರಕಾರಕ್ಕೆ ಕಷ್ಟವಾಗುತ್ತಿರಲಿಲ್ಲ. ಬಲವಾದ ಮೊಕದ್ದಮೆಗೆ ಪರಿಶೀಲನೆಯ ಭಯವಿರುವುದಿಲ್ಲ. ಪರಿಶೀಲನೆಯನ್ನೇ ಕೈಬಿಟ್ಟಾಗ ಲಾಭವಾಗುವುದು ದುರ್ಬಲ ಮೊಕದ್ದಮೆಗೆ, ನಷ್ಟವಾಗುವುದು ನಿರಪರಾಧಿಗೆ.