ಆಶ್ರಯವು ಅಡಗುದಾಣವಲ್ಲ



ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪುಗಳ ಹೆಸರನ್ನು ನಾವು ದಿನನಿತ್ಯವೂ ಆಡುತ್ತೇವೆ. ಅದರ ಅರ್ಥವನ್ನು ಮಾತ್ರ ಮರೆತಿದ್ದೇವೆ. ಅದು ಪುನರ್ವಸತಿಯ ಶಿಬಿರ. ಪೂರ್ವ ಪಾಕಿಸ್ತಾನದಲ್ಲಿ ಮನೆಮಾರು ತೊರೆದು ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರವು ಇಲ್ಲಿ ನೆಲೆಗೊಳಿಸಿ ಸುಮಾರು ಅರ್ಧ ಶತಮಾನವೇ ಕಳೆಯಿತು. ನದಿಗಳ ನಾಡಿನಿಂದ ಬಂದವರು ಈ ಎರೆಭೂಮಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿ ಭತ್ತದ ಸಸಿ ನೆಟ್ಟರು. ಇಂದು ಅವರ ಮೊಮ್ಮಕ್ಕಳು ನಮ್ಮ ಮಕ್ಕಳಂತೆಯೇ ಕನ್ನಡ ಮಾತನಾಡುತ್ತಾರೆ. ಆಶ್ರಯವೆಂದರೇನು ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ದೇವರೇ ನಮ್ಮ ಆಶ್ರಯವೆಂದು 46ನೆಯ ಕೀರ್ತನೆ ಸಾರುತ್ತದೆ. ಆದರೆ ಈ ಮಾತನ್ನು ಸಂದೇಹದಿಂದ ನೋಡಿದವರಿದ್ದಾರೆ. ಕಾರ್ಲ್ ಮಾರ್ಕ್ಸನು ಧರ್ಮವನ್ನು ಅಫೀಮಿಗೆ ಹೋಲಿಸಿದನು. ಭಯಗೊಂಡ ಮನುಷ್ಯನು ಮಗುವಿನಂತೆ ತಂದೆಯೊಬ್ಬನನ್ನು ಕಲ್ಪಿಸಿಕೊಳ್ಳುತ್ತಾನೆಂದು ಫ್ರಾಯ್ಡನು 1927ರಲ್ಲಿ ಬರೆದನು. ಈ ಆಕ್ಷೇಪಣೆಯನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ಸಾಲದ ಚಿಂತೆಯಿಂದ, ಮನೆಯ ಜಗಳದಿಂದ ತಪ್ಪಿಸಿಕೊಳ್ಳಲೆಂದೇ ದೇವಾಲಯಕ್ಕೆ ಬರುವ ದಿನಗಳು ನಮ್ಮಲ್ಲಿ ಯಾರಿಗಿಲ್ಲ? ಬಲಿಪೂಜೆ ಮುಗಿದು ಮನೆಗೆ ಮರಳಿದಾಗ ಚಿಂತೆಯೂ ಜಗಳವೂ ಬಾಗಿಲಲ್ಲೇ ಕಾದಿರುತ್ತವೆ. ಹಾಗಾದರೆ ನಾವು ಪಡೆದದ್ದು ಆಶ್ರಯವೋ, ಒಂದು ಗಂಟೆಯ ಮರೆವೋ?

ಅಡಗುದಾಣಕ್ಕೂ ಆಶ್ರಯಕ್ಕೂ ಭೇದವಿದೆ. ಅಡಗುದಾಣದಲ್ಲಿ ಕುಳಿತವನು ಉಸಿರು ಬಿಗಿಹಿಡಿದು ಕತ್ತಲೆಯನ್ನು ಕಾಯುತ್ತಾನೆ. ಆಶ್ರಯ ಪಡೆದವನು ಒಲೆ ಹೂಡುತ್ತಾನೆ, ಬೀಜ ಬಿತ್ತುತ್ತಾನೆ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾನೆ. ಪವಿತ್ರ ಕುಟುಂಬವನ್ನು ನೋಡಿರಿ. ಹೆರೋದನ ಖಡ್ಗಕ್ಕೆ ತಪ್ಪಿಸಿ ಸಂತ ಜೋಸೆಫರು ಮಗುವನ್ನೂ ತಾಯಿಯನ್ನೂ ರಾತ್ರೋರಾತ್ರಿ ಈಜಿಪ್ಟಿಗೆ ಕರೆದೊಯ್ದರೆಂದು ಮತ್ತಾಯನ ಶುಭಸಂದೇಶ ಹೇಳುತ್ತದೆ. ದೇವದೂತನ ಮಾತಿನಲ್ಲಿ ಅವರಿಟ್ಟ ವಿಶ್ವಾಸವು ಅವರನ್ನು ಎಬ್ಬಿಸಿ ನಡೆಸಿತು, ಮಲಗಿಸಲಿಲ್ಲ. ನಮ್ಮ ಪ್ರಭುವು ತಾನೇ ಒಮ್ಮೆ ನಿರಾಶ್ರಿತ ಶಿಶುವಾಗಿದ್ದನು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದುದನ್ನು ಈ ಭಾಗದ ಯಾವ ರೈತನೂ ಮರೆಯಲಾರನು. ನಾಟಿ ಮಾಡಿದ ಗದ್ದೆಗಳ ಅನ್ನವೇ ನದಿಯಲ್ಲಿ ಹರಿದುಹೋಗುತ್ತಿದೆಯೆಂದು ಎಲ್ಲರೂ ತಲ್ಲಣಿಸಿದರು. ಎಲ್ಲ ಮತದವರೂ ಪ್ರಾರ್ಥಿಸಿದರು. ಅದೇ ವೇಳೆಯಲ್ಲಿ ತಂತ್ರಜ್ಞರೂ ಕಾರ್ಮಿಕರೂ ಧುಮ್ಮಿಕ್ಕುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ, ಒಂದು ವಾರದೊಳಗೆ ಹೊರಹರಿವನ್ನು ತಡೆದರು. ಪ್ರಾರ್ಥನೆಯು ಕೈಗಳನ್ನು ಕಟ್ಟುವುದಿಲ್ಲ. ಕೈಗಳ ನಡುಕವನ್ನು ನಿಲ್ಲಿಸುತ್ತದೆ.

ಆನಂದದ ವಿಷಯವೂ ಹೀಗೆಯೇ. ಆನಂದವು ಪ್ರೀತಿಯ ಫಲವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಸುಖವು ನಮ್ಮ ಕೈಯಲ್ಲಿರುವುದನ್ನು ಅವಲಂಬಿಸಿದೆ. ಆನಂದವು ನಾವು ಯಾರ ಕೈಯಲ್ಲಿದ್ದೇವೆ ಎಂಬುದನ್ನು ಅವಲಂಬಿಸಿದೆ. ಆದುದರಿಂದಲೇ ಸುಖವಿಲ್ಲದೆಡೆಯಲ್ಲಿಯೂ ಆನಂದವಿರಬಲ್ಲದು. ವಿಯೆಟ್ನಾಮಿನ ಮಹಾಧರ್ಮಾಧ್ಯಕ್ಷ ವಾನ್ ತುವಾನರು 1975ರಿಂದ 13 ವರ್ಷ ಬಂಧನದಲ್ಲಿದ್ದರು. ಅದರಲ್ಲಿ 9 ವರ್ಷ ಏಕಾಂತವಾಸ. ಔಷಧವೆಂಬ ಹೆಸರಿನಲ್ಲಿ ತಲುಪಿದ ದ್ರಾಕ್ಷಾರಸದ ಮೂರು ಹನಿ, ಒಂದು ಹನಿ ನೀರು: ಇಷ್ಟನ್ನು ಅಂಗೈಯಲ್ಲಿಟ್ಟು ಅವರು ಬಲಿಪೂಜೆ ಅರ್ಪಿಸುತ್ತಿದ್ದರು. ತಮ್ಮನ್ನು ಕಾಯುವ ಪಹರೆಯವರಿಗೆ ಅವರು ಭಾಷೆಗಳನ್ನು ಕಲಿಸಿ ಮಿತ್ರರಾದರು. ಅಫೀಮು ಮನುಷ್ಯನನ್ನು ಮಂಕುಗೊಳಿಸುತ್ತದೆ; ಅವರ ವಿಶ್ವಾಸವು ಅವರನ್ನು ಎಚ್ಚರವಾಗಿಟ್ಟಿತು. ಮಾರ್ಕ್ಸನಿಗೆ ಇದಕ್ಕಿಂತ ಉತ್ತಮ ಉತ್ತರ ನಮ್ಮಲ್ಲಿಲ್ಲ.

ಒಂದು ಎಚ್ಚರಿಕೆಯ ಮಾತು. ನಮ್ಮ ಪೌರತ್ವವು ಪರಲೋಕದಲ್ಲಿದೆಯೆಂದು ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದರು. ಕ್ಯಾಂಪಿನ ಅನೇಕರು ಈ ಲೋಕದ ಪೌರತ್ವದ ಕಾಗದಕ್ಕಾಗಿಯೇ ದಶಕಗಳ ಕಾಲ ಕಾದರು. ಅಂಥವರಿಗೆ ಪರಲೋಕವನ್ನು ತೋರಿಸಿ ನಾವು ಕೈತೊಳೆದುಕೊಂಡರೆ ಅದು ವಿಶ್ವಾಸವಲ್ಲ, ವಂಚನೆ. ದೇವರಲ್ಲಿ ಆಶ್ರಯ ಪಡೆದವನ ಮನೆಯೇ ಇನ್ನೊಬ್ಬರಿಗೆ ಆಶ್ರಯವಾಗಬೇಕು.

ಆದುದರಿಂದ ಕುಟುಂಬಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಸಂಜೆ ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಟ್ಟು ಜಪಸರಕ್ಕೆ ಒಟ್ಟಾಗಿ ಕುಳಿತುಕೊಳ್ಳಿರಿ. ಮನೆಯ ಸಾಲವನ್ನು, ಬೆಂಗಳೂರಿಗೆ ದುಡಿಯಲು ಹೋದ ಮಗನನ್ನು, ಮಾತು ಬಿಟ್ಟ ಸೋದರನನ್ನು ಹೆಸರು ಹಿಡಿದು ದೇವರ ಮುಂದಿಡಿರಿ. ಮುಚ್ಚಿಟ್ಟ ದುಃಖಕ್ಕೆ ಆಶ್ರಯ ದೊರೆಯದು. ಜಪ ಮುಗಿದ ಮೇಲೆ, ಆ ವಾರ ಯಾರ ಬಾಗಿಲನ್ನು ತಟ್ಟಬೇಕೆಂಬುದನ್ನು ಮಕ್ಕಳೊಡನೆ ನಿಶ್ಚಯಿಸಿರಿ. ಆ ಬಾಗಿಲು ನಮ್ಮ ಮತದವರದೇ ಆಗಿರಬೇಕೆಂದಿಲ್ಲ.

ನಿರಾಶ್ರಿತ ಶಿಶುವಾಗಿದ್ದ ಪ್ರಭುವು ನಮ್ಮ ಮನೆಗಳಲ್ಲಿ ನೆಲೆಗೊಳ್ಳಲಿ.