ನಾಣ್ಯ ಹೇಳದ ಅರ್ಧ ಉತ್ತರ

ಆಫೀಸಿನಲ್ಲಿ ಅಪ್ರೈಸಲ್ ಹತ್ತಿರ ಬಂತು ಅಂದ್ರೆ ಒಬ್ಬೊಬ್ಬರು ಒಂದೊಂದು ದೇವರಿಗೆ ಹರಕೆ ಹೊರ್ತಾರೆ. ನಾನು ಈ ಸಲ ಮಾಡಿದ್ದು ಬೇರೆ. ಒಂದು ಭಾನುವಾರ ಕೂತು, ಚೀನಾದ ‘ಐ ಚಿಂಗ್’ ಗ್ರಂಥದ ಪ್ರಕಾರ ಶಕುನ ನೋಡುವ ಪುಟ್ಟ ಪ್ರೋಗ್ರಾಮ್ ಬರೆದೆ.

ಬರೆಯೋದೇನೂ ಕಷ್ಟ ಅಲ್ಲ. ಮೂರು ನಾಣ್ಯ ಚಿಮ್ಮಬೇಕು. ಹೆಡ್ ಬಿದ್ದರೆ 3, ಟೇಲ್ ಬಿದ್ದರೆ 2. ಕೂಡಿದರೆ 6ರಿಂದ 9ರವರೆಗೆ ಯಾವುದಾದರೂ ಒಂದು ಸಂಖ್ಯೆ. ಬೆಸ ಬಂದರೆ ಇಡೀ ಗೆರೆ, ಸಮ ಬಂದರೆ ನಡುವೆ ತುಂಡಾದ ಗೆರೆ. 6 ಅಥವಾ 9 ಬಂದರೆ ಅದು ಬದಲಾಗುವ ಗೆರೆ, ಅದರ ಮಾತನ್ನು ಮುಖ್ಯವಾಗಿ ಓದಬೇಕು. ಹೀಗೆ ಕೆಳಗಿನಿಂದ ಮೇಲಕ್ಕೆ ಆರು ಗೆರೆ. ಒಟ್ಟು 64 ಚಿತ್ರ. ನಮ್ಮ ಭಾಷೇಲಿ ಹೇಳೋದಾದ್ರೆ ಆರು ಬಿಟ್, ಅಷ್ಟೇ. 1703ರಲ್ಲಿ ಬೈನರಿ ಲೆಕ್ಕದ ಬಗ್ಗೆ ಪ್ರಬಂಧ ಪ್ರಕಟಿಸಿದ ಲೈಬ್ನಿಜ್ ಕೂಡ, ಚೀನಾದಲ್ಲಿದ್ದ ಬೂವೆ ಎಂಬ ಪಾದ್ರಿ ಕಳಿಸಿದ ಈ ಗೆರೆಗಳಲ್ಲಿ ತನ್ನ ಸೊನ್ನೆ-ಒಂದುಗಳನ್ನೇ ಕಂಡಿದ್ದ.

ನನ್ನ ಪ್ರಶ್ನೆ ಸರಳ: ಈ ಸಲ ಬಡ್ತಿ ಸಿಗುತ್ತಾ?

ಬಂದಿದ್ದು ಇಪ್ಪತ್ತನೇ ಚಿತ್ರ, ‘ನೋಡುವುದು’ ಅಂತ ಅದರ ಹೆಸರು. ಬದಲಾಗುವ ಗೆರೆ ಒಂದೇ, ಎಲ್ಲಕ್ಕಿಂತ ಕೆಳಗಿನದು. ಅದರ ಸಾರ ಇಷ್ಟು: ಇದು ಮಗು ನೋಡುವ ಹಾಗೆ ನೋಡುವುದು, ಸಣ್ಣ ಮನುಷ್ಯನಿಗೆ ಇದರಿಂದ ದೋಷವಿಲ್ಲ, ದೊಡ್ಡ ಮನುಷ್ಯನಿಗೆ ಅವಮಾನ.

ಓದಿ ತಲೆ ಕೆರ್ಕೊಂಡೆ. ದೇವಸ್ಥಾನದಲ್ಲಿ ನಮ್ಮಜ್ಜಿ ಕೈಮುಗಿದು ನಿಂತು ಹೂವು ಬೀಳೋದನ್ನ ಕಾಯ್ತಿದ್ದರು. ಬಲಗಡೆ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ. ಇಲ್ಲಿ ನೋಡಿದ್ರೆ ನಾಣ್ಯ ಬಿದ್ದಾಯ್ತು, ಗೆರೆನೂ ಬಂದಾಯ್ತು, ಆದರೂ ಉತ್ತರ ಅರ್ಧಕ್ಕೇ ನಿಂತಿದೆ. ಕೇಳಿದವನು ಎಂಥವನು ಅಂತ ಗೊತ್ತಾದ ಮೇಲೇನೇ ಉಳಿದರ್ಧ. ನನ್ನ ಪ್ರೋಗ್ರಾಮ್‌ನಲ್ಲಿ ಅದನ್ನ ತುಂಬೋಕೆ ಜಾಗವೇ ಇರಲಿಲ್ಲ.

ಚೀನೀ ಮೂಲದಲ್ಲಿ ಈ ಇಬ್ಬರ ಹೆಸರು ಜುನ್‌ಜಿ ಮತ್ತು ಶಿಯಾವ್‌ರೆನ್. 1882ರಲ್ಲಿ ಇಂಗ್ಲಿಷಿಗೆ ತಂದ ಜೇಮ್ಸ್ ಲೆಗ್ ಮೊದಲನೆಯವನನ್ನು ‘ಸುಪೀರಿಯರ್ ಮ್ಯಾನ್’ ಅಂದ. ನಮಗೆ ಸುಪೀರಿಯರ್ ಅಂದ್ರೆ ರಜೆ ಮಂಜೂರು ಮಾಡೋ ಮೇಲಧಿಕಾರಿ! ತಮಾಷೆ ಅಂದ್ರೆ, ಮೊದಮೊದಲು ಅರ್ಥವೂ ಹೆಚ್ಚುಕಡಿಮೆ ಅದೇ ಇತ್ತು. ಜುನ್‌ಜಿ ಅಂದರೆ ಒಡೆಯನ ಮಗ, ಶಿಯಾವ್‌ರೆನ್ ಅಂದರೆ ಸಾಮಾನ್ಯ ಆಳು. ಹುಟ್ಟಿನ ಈ ಮಾತನ್ನು ನಡತೆಯ ಮಾತಾಗಿ ತಿರುಗಿಸಿದ್ದು ಕನ್‌ಫ್ಯೂಷಿಯಸ್ ಮತ್ತು ಅವನ ಪರಂಪರೆ. ಆಮೇಲೆ ಅರಮನೆಯಲ್ಲಿ ಹುಟ್ಟಿದವನೂ ಸಣ್ಣ ಮನುಷ್ಯ ಆಗಬಹುದಿತ್ತು. ನಮ್ಮಲ್ಲೂ ‘ಅವರು ದೊಡ್ಡ ಮನುಷ್ಯರು ಬಿಡಿ’ ಅನ್ನೋ ಮಾತನ್ನ ಎರಡು ಥರದ ದನಿಯಲ್ಲಿ ಹೇಳ್ತೀವಲ್ಲ, ಹಾಗೆ.

ಐ ಚಿಂಗ್‌ಗೆ ಸೇರಿದ ಹಳೆಯ ವ್ಯಾಖ್ಯಾನವೊಂದು 64 ಚಿತ್ರಗಳಿಗೂ ಒಂದೊಂದು ನಡತೆ ಹೇಳುತ್ತೆ. ಅದರಲ್ಲಿ 53 ಕಡೆ ನಡೆಯಬೇಕಾದವನು ಜುನ್‌ಜಿ. ನನಗೆ ಹಿಡಿಸಿದ್ದು ಹದಿನೈದನೆಯದು, ವಿನಯದ ಚಿತ್ರ. ನೆಲದ ಕೆಳಗೆ ಬೆಟ್ಟ! ಎತ್ತರ ಇದೆ, ಆದರೆ ತೋರಿಸ್ಕೊಳ್ಳಲ್ಲ. ಆರಕ್ಕೆ ಆರೂ ಗೆರೆಗಳಿಗೆ ಒಳ್ಳೆಯ ಮಾತೇ ಇರೋದು ಇದಕ್ಕೆ. ಇನ್ನೊಂದು ಮೂವತ್ಮೂರನೆಯದು, ಹಿಂದೆ ಸರಿಯುವುದು. ಸಣ್ಣ ಜನರನ್ನು ದೂರ ಇಡು, ಆದರೆ ದ್ವೇಷದಿಂದಲ್ಲ, ಗಾಂಭೀರ್ಯದಿಂದ ಅನ್ನೋದು ಅದರ ತಾತ್ಪರ್ಯ. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಇರೋರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತಿರುತ್ತೆ.

ಆದರೆ ನನ್ನನ್ನ ನಿಜವಾಗಿ ತಡೆದು ನಿಲ್ಲಿಸಿದ್ದು ಎರಡು ಹಳೆಯ ಕಥೆ. ಎರಡೂ ‘ಜುವೊ ಜುವಾನ್’ ಎಂಬ ಇತಿಹಾಸ ಗ್ರಂಥದಲ್ಲಿವೆ, ಎರಡೂ ಲು ರಾಜ್ಯದವು.

ಕ್ರಿಸ್ತಪೂರ್ವ 530. ನಾನ್ ಕುವಾಯ್ ಎಂಬ ಅಧಿಕಾರಿಗೆ ತನ್ನ ಒಡೆಯರ ಮನೆತನದ ಮೇಲೆ ಸಿಟ್ಟು. ದಂಗೆ ಏಳೋಣ ಅಂತ ಶಕುನ ನೋಡಿದ. ಬಂದಿದ್ದು ಎರಡನೇ ಚಿತ್ರದ ಐದನೇ ಗೆರೆ, ಹಳದಿ ಕೆಳವಸ್ತ್ರ, ಪರಮ ಶುಭ. ಕುಣಿದಾಡದೆ ಇರ್ತಾನಾ? ಸಂಗತಿ ಏನು ಅಂತ ಹೇಳದೆ, ತಿಳಿದವನೊಬ್ಬನಿಗೆ ಅದನ್ನ ತೋರಿಸಿದ. ಆ ಪಂಡಿತ ಹೇಳಿದ್ದರ ಸಾರ ಹೀಗಿದೆ: ನಿಷ್ಠೆ, ನಂಬಿಕೆಯ ಕೆಲಸವಾದರೆ ಸರಿ, ಅಲ್ಲದಿದ್ದರೆ ಕೆಡುತ್ತೆ. ಹಳದಿ ಅನ್ನೋದು ನಡುವಿನ ಬಣ್ಣ, ಕೆಳವಸ್ತ್ರ ಅನ್ನೋದು ಕೆಳಗಿರುವವನ ಅಲಂಕಾರ. ಒಳಗೆ ನಿಷ್ಠೆಯೇ ಇಲ್ಲದವನಿಗೆ ಆ ಬಣ್ಣ ಒಪ್ಪಲ್ಲ. ನಾನ್ ಕುವಾಯ್ ಕೇಳಲಿಲ್ಲ. ದಂಗೆ ಎದ್ದ, ಸೋತ, ಪಕ್ಕದ ಚಿ ರಾಜ್ಯಕ್ಕೆ ಓಡಿಹೋದ.

ಇನ್ನೊಂದು ಮೂ ಜಿಯಾಂಗ್ ಕಥೆ. ಲು ರಾಜನ ತಾಯಿ ಆಕೆ. ಪ್ರಿಯಕರನ ಜೊತೆ ಸೇರಿ ರಾಜ್ಯದ ದೊಡ್ಡ ಮನೆತನಗಳನ್ನು ಹೊರಹಾಕಿಸಲು ಹೊಂಚು ಹಾಕಿ ಸೋತವಳು. ಪೂರ್ವದ ಅರಮನೆಯಲ್ಲಿ ಆಕೆಯನ್ನು ಇಟ್ಟರು. ಹೋಗುವಾಗ ಶಕುನ ನೋಡಿಸಿದಳು. ಬಂದಿದ್ದು ‘ಅನುಸರಿಸುವುದು’ ಎಂಬ ಚಿತ್ರ. ಶಕುನದವನು, ಬೇಗ ಹೊರಗೆ ಬರ್ತೀರಿ ತಾಯಿ ಅನ್ನೋ ಅರ್ಥದಲ್ಲಿ ಸಮಾಧಾನ ಹೇಳಿದ. ಪಾಪ, ಅವನಾದರೂ ಇನ್ನೇನು ಹೇಳಬೇಕು? ಆಕೆಯೇ ಅವನನ್ನ ತಿದ್ದಿದಳು. ಈ ಚಿತ್ರದಲ್ಲಿ ದೋಷವಿಲ್ಲ ಅಂತ ಇರೋದು ನಾಲ್ಕು ಗುಣ ಇರುವವರಿಗೆ, ಅದರಲ್ಲಿ ಒಂದೂ ನನ್ನಲ್ಲಿಲ್ಲ, ಕೆಡುಕನ್ನ ನಾನೇ ಆರಿಸಿಕೊಂಡೆ, ಇಲ್ಲೇ ಸಾಯ್ತೀನಿ ಎಂದಳು. ಕ್ರಿಸ್ತಪೂರ್ವ 564ರಲ್ಲಿ ಅಲ್ಲೇ ಸತ್ತಳು. ಕನ್‌ಫ್ಯೂಷಿಯಸ್ ಹುಟ್ಟೋದಕ್ಕೆ ಇನ್ನೂ 13 ವರ್ಷ ಇತ್ತು.

ನನಗೆ ನಾನ್ ಕುವಾಯ್‌ಗಿಂತ ಈಕೆಯೇ ದೊಡ್ಡವಳಾಗಿ ಕಾಣ್ತಾಳೆ. ಮಾಡಿದ್ದು ತಪ್ಪೇ. ಆದರೆ ಕೈಗೆ ಬಂದ ಒಳ್ಳೆಯ ಶಕುನವನ್ನ ಇದು ನನಗಲ್ಲ ಅಂತ ವಾಪಸ್ ಕೊಡೋಕೆ ಎಂಥ ಗಟ್ಟಿತನ ಬೇಕು!

ಈಗ ನನ್ನ ವಿಷಯಕ್ಕೆ ಬರ್ತೀನಿ. ಈ ವರ್ಷ ನಮ್ಮ ಟೀಮಿನ ದೊಡ್ಡ ಸಾಧನೆ, ನಲವತ್ತು ನಿಮಿಷ ಹಿಡಿಯುತ್ತಿದ್ದ ರಿಪೋರ್ಟ್ ಎರಡು ನಿಮಿಷಕ್ಕೆ ಇಳಿದಿದ್ದು. ಅದರ ಮೂಲ ಹುಡುಕಿದ್ದು ಹೋದ ವರ್ಷ ಸೇರಿದ ಹುಡುಗಿ, ಮೂರು ರಾತ್ರಿ ಕೂತು. ನಾನು ಮಾಡಿದ್ದು ಕೋಡ್ ಓದಿ ಒಪ್ಪಿಗೆ ಕೊಟ್ಟಿದ್ದು. ಸೆಲ್ಫ್ ಅಪ್ರೈಸಲ್ ಫಾರಂನಲ್ಲಿ ಮಾತ್ರ ‘ನಾನು ಸರಿಪಡಿಸಿದೆ’ ಅಂತ ಬರೆದಿದ್ದೆ. ಎಲ್ಲರೂ ಹೀಗೇ ಬರೀತಾರೆ, ಯಾರೂ ಕೇಳಲ್ಲ. ಸಣ್ಣ ಮನುಷ್ಯನಿಗೆ ದೋಷವಿಲ್ಲ.

ಮಗು ನೋಡೋದು ಕಣ್ಣ ಮುಂದಿರುವ ಮಿಠಾಯಿಯನ್ನ ಮಾತ್ರ. ಕೈಯಲ್ಲಿ ಹಿಡಿದಿರೋದು ಯಾರದ್ದು ಅಂತ ಅದು ನೋಡಲ್ಲ. ಮೂವತ್ತು ತುಂಬಿದ ಮೇಲೂ ನಾನು ಹಾಗೇ ನೋಡಿದ್ದೆ.

ರಾತ್ರಿ ಫಾರಂ ಮತ್ತೆ ತೆರೆದೆ. ಆ ಸಾಲು ಅಳಿಸಿ, ಅವಳ ಹೆಸರು ಹಾಕಿ, ನಾನು ಮಾಡಿದ್ದಷ್ಟನ್ನೇ ಬರೆದೆ. ಬರೆದ ಮೇಲೆ ನೋಡಿದರೆ ನನ್ನ ಸಾಧನೆಯ ಪಟ್ಟಿ ತೆಳ್ಳಗಾಗಿತ್ತು. ಸ್ವಲ್ಪ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ನನ್ನ ಹೆಂಡತಿ ಪಕ್ಕದಿಂದ ಇಣುಕಿ, “ಏನ್ರೀ, ಚೀನಾದವರು ಏನಂದ್ರು?” ಅಂತ ನಕ್ಕಳು.

ಬಡ್ತಿಯ ಸುದ್ದಿ ಇನ್ನೂ ಬಂದಿಲ್ಲ. ಈಗ ಫಾರಂ ಸರಿಮಾಡಿದ್ದೀನಲ್ಲ, ಇನ್ನೊಂದ್ಸಲ ಕೇಳಿಬಿಡೋಣ ಅಂತ ಪ್ರೋಗ್ರಾಮ್ ತೆರೆದಿದ್ದೂ ಹೌದು. ಆಗ ನಾಲ್ಕನೇ ಚಿತ್ರ ನೆನಪಾಯ್ತು. ಮೊದಲ ಸಲ ಕೇಳಿದರೆ ಉತ್ತರ, ಅದನ್ನೇ ಎರಡು ಮೂರು ಸಲ ಕೇಳಿದರೆ ಅದು ಪೀಡಿಸೋದು, ಉತ್ತರವಿಲ್ಲ ಅಂತ ಅದರಲ್ಲಿ ಕಟ್ಟುನಿಟ್ಟಾಗಿದೆ. ಪ್ರೋಗ್ರಾಮ್‌ನಲ್ಲೂ ಆ ನಿಯಮ ಸೇರಿಸಿದೆ. ಈಗ ಅದೇ ಪ್ರಶ್ನೆ ಮತ್ತೆ ಟೈಪ್ ಮಾಡಿದರೆ ಪರದೆ ಸುಮ್ಮನೆ ಖಾಲಿ ಇರುತ್ತೆ.