ಶಾಲು ಬ್ಯಾಡ, ಪುಸ್ತಕದ ರೊಕ್ಕ ಕೊಡ್ರಿ

ಅಕ್ಕಾರ, ತಂಗೇರ, ಈ ಸಲ ಅಡಿಗಿ ಸುದ್ದಿ ಇಲ್ಲ, ಜಗಳದ ಸುದ್ದಿ ಐತಿ. ಜಗಳ ನಿಮ್ಮ ಕೂಡ, ನನ್ನ ಕೂಡನೂ ಹೌದು. ಓದಿ ಸಿಟ್ಟು ಬಂದ್ರ ಮನಿಗೆ ಬರ್ರಿ, ಚಹಾ ಕುಡಕೋತ ಬೈಯಿರಂತ.

ನನ್ನ ತಂಗಿ ಮಗಳು ಕಾದಂಬರಿ ಬರೀತಾಳ ಅನ್ನೂದು ನಿಮಗೆಲ್ಲಾ ಗೊತ್ತೈತಿ. ಸಣ್ಣ ಹುಡುಗರ ಕಾಗಕ್ಕ-ಗುಬ್ಬಕ್ಕನ ಕಥಿ ಅಲ್ಲ, ದೊಡ್ಡವರ ಅತ್ತಿ-ಸೊಸಿ ಸಂಸಾರಾನೂ ಅಲ್ಲ. ನಡುವಿನ ವಯಸ್ಸಿನವರಿಗೆ, ಎಂಟನೇತ್ತೆಯಿಂದ ಪಿಯುಸಿ ತನಕ ಇರೋ ಹುಡುಗ ಹುಡುಗ್ಯಾರಿಗೆ ಬರೀತಾಳ. ಮುಟ್ಟು ಆದ ದಿನ ಮನಿಯೊಳಗ ಯಾರಿಗೆ ಹೇಳಬೇಕು ತಿಳೀದ ಹುಡುಗಿ, ಅಪ್ಪ ಸಾಲದಾಗ ಸಿಕ್ಕದ್ದು ಗೊತ್ತಿದ್ದೂ ಗೊತ್ತಿಲ್ಲದಂಗ ಇರೋ ಹುಡುಗ, ಇಂಥವರ ಕಥಿ. ಇಂಗ್ಲಿಷಿನ್ಯಾಗ ಇದಕ್ಕ ಯಂಗ್ ಅಡಲ್ಟ್ ಅಂತ ಬ್ಯಾರೇ ಕಪಾಟ ಇರ್ತೈತಂತ. ನಮ್ಮ ಕಡೆ ಅಂಗಡ್ಯಾಗ ಕೇಳಿದ್ರ ಪಂಚತಂತ್ರ ತಗದು ಕೊಡ್ತಾರ.

ಆ ಹುಡುಗಿ ಮೊನ್ನೆ ಪಂಚಮಿಗೆ ಬಂದಾಗ ಉಂಡಿ ಕಟ್ಟಿಕೋತ ಅಂದ್ಳು: “ದೊಡ್ಡವ್ವ, ಇದ ಕಡೀ ಪುಸ್ತಕ. ಇನ್ನ ಬರಿಯಂಗಿಲ್ಲ.”

ಬರಿಯೂದು ಕಷ್ಟ ಆಗಿರಬೇಕು ಅಂತ ನಾ ತಿಳಕೊಂಡೆ. “ಬರಿಯೂದಕ್ಕ ಬ್ಯಾಸರಿಲ್ಲ. ಬರದದ್ದನ್ನ ಹೊತಗೊಂಡು ಅಡ್ಡಾಡಿ ಸಾಕಾಗೇತಿ” ಅಂದ್ಳು.

ಆಕಿ ವರ್ಷ ಹೆಂಗ ಹೋತು ಅಂತ ಕೇಳ್ರಿ. ಐದು ದಿನ ಸಾಲಿ ನೌಕರಿ, ಶನಿವಾರ ರವಿವಾರ ಪುಸ್ತಕದ ತಿರುಗಾಟ. ಬಿಡುಗಡೆ ಆತು. ಬಿಡುಗಡೆಗೆ ಹಾಲಿನ ಬಾಡಿಗಿ, ಬಂದವರಿಗೆ ಉಪ್ಪಿಟ್ಟು-ಶಿರಾ, ಎಲ್ಲಾ ಆಕಿ ಪಗಾರದಾಗ. ಆಮ್ಯಾಲೆ ಸಂವಾದ, ವಿಡಿಯೋ, ಸಾಲಿಗೆ ಕರದು ಭಾಷಣ. ಈಗ ಸಾಹಿತ್ಯದ ಹಬ್ಬಗಳೂ ಭಾಳ ಆಗ್ಯಾವ. ಬೆಂಗಳೂರಾಗ 2012ರಿಂದ, ಧಾರವಾಡದಾಗ 2013ರಿಂದ ಶುರುವಾದವು, ಈಗ ಸಣ್ಣ ಸಣ್ಣ ಊರಾಗೂ ನಡೀತಾವ. ಒಳ್ಳೇದ. ಆದ್ರ ಒಂದು ಊರಾಗ ಆಕಿ ಗೋಷ್ಠಿ ಇಟ್ಟಿದ್ದು ಊಟದ ಹೊತ್ತಿಗೆ. ಮುಂದ ಕುಂತವರು ಎಂಟು ಮಂದಿ, ಅದರಾಗ ಇಬ್ಬರು ಮೈಕಿನವರು. ಮುಗಿದ ಮ್ಯಾಲೆ ಒಂದು ಶಾಲು, ಒಂದು ಹಾರ, ಒಂದು ಫಳಫಳ ಹೊಳಿಯೂ ನೆನಪಿನ ಕಾಣಿಕಿ. ಹೋಗಿ ಬರೂ ಖರ್ಚಿನ ಮಾತು ಯಾರೂ ಎತ್ತಲಿಲ್ಲ. ಶಕ್ತಿ ಯೋಜನೆ ಬಂದು ನಮಗ ಬಸ್ಸು ಪುಕ್ಕಟ ಆಗೇತಿ, ಅದೊಂದ ಆಕಿಗೆ ಸಿಕ್ಕ ಗೌರವಧನ.

ಇದರ ನಡುವ ಗಡುವು. ದೀಪಾವಳಿ ವಿಶೇಷಾಂಕಕ್ಕ ಕಥಿ ಶ್ರಾವಣದಾಗ ಕೇಳ್ತಾರ. ಶ್ರಾವಣ ಅಂದ್ರ ನಮ್ಮ ಹೆಣ್ಮಕ್ಕಳಿಗೆ ಏನು ಅಂತ ನಾ ಹೇಳಬೇಕಾಗಿಲ್ಲ. ಪಂಚಮಿ ದಿನ ಎಲ್ಲಾರೂ ಜೋಕಾಲಿಗೆ ಹೋದಾಗ ಆಕಿ ಅಟ್ಟದ ಮ್ಯಾಲೆ ಲ್ಯಾಪ್‌ಟಾಪ್ ಹಿಡಕೊಂಡು ಕುಂತಿದ್ಳು. “ಹಬ್ಬದ ದಿನಾನೂ ಅದನ್ನ ಬಿಡಾಂಗಿಲ್ಲಲ್ಲವ್ವಾ” ಅಂತ ಅಂದವರು ಯಾರು? ನಾನ.

ಈಗ ಗಳಗನಾಥರ ಸುದ್ದಿಗೆ ಬರ್ತೀನಿ. ತುಂಗಭದ್ರಾ-ವರದಾ ಕೂಡೂವಲ್ಲಿ ಇರೋ ಗಳಗನಾಥ ಊರಿನ ವೆಂಕಟೇಶ ತಿರಕೋ ಕುಲಕರ್ಣಿಯವರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ಮಾಸ್ತರಿಕಿ ಮಾಡಿದರು, ಕಾದಂಬರಿ ಬರೆದರು, ಅಗಡಿ ಆನಂದವನದಿಂದ 1907ರಲ್ಲಿ ಶುರುವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನಡೆಸಿದರು. ಬರೆದ ಪುಸ್ತಕಗಳನ್ನ ತಲಿ ಮ್ಯಾಲೆ ಹೊತಗೊಂಡು ಊರೂರು ತಿರುಗಿ ಮಾರಿದರು. ನಮ್ಮ ಜಿಲ್ಲಾದಾಗ ಯಾವ ಸಾಹಿತ್ಯದ ಸಭೆಗೆ ಹೋಗ್ರಿ, ಈ ಮಾತು ಹೇಳದ ಭಾಷಣ ಮುಗಿಯಂಗಿಲ್ಲ. ಎಲ್ಲಾರೂ ಚಪ್ಪಾಳಿ ಹೊಡೀತೀವಿ.

ನನಗ ಈಗ ಆ ಚಪ್ಪಾಳಿ ಕೇಳಿದ್ರ ನಾಚಿಕಿ ಬರ್ತೈತಿ. ಅವರು ಹೊತ್ತದ್ದು ಅವರ ದೊಡ್ಡಸ್ತನ, ಖರೆ. ಆದ್ರ ಅವರು ಯಾಕ ಹೊರಬೇಕಾತು? ಕೊಳ್ಳವರು ತಾವಾಗೇ ಬರಲಿಲ್ಲ, ಅದಕ್ಕ. ಆಗ ಓದು ಬರೂ ಮಂದೀನ ಕಡಿಮಿ, ರಸ್ತಾ ಇಲ್ಲ, ಅಂಗಡಿ ಇಲ್ಲ ಅನ್ನೋಣು. ಈಗ ನಮಗೇನಾಗೇತಿ? ಮನಿಮನ್ಯಾಗ ಓದಿದವರು ಅದೀವಿ, ಫೋನಿನ್ಯಾಗ ರೊಕ್ಕ ಕಳಸ್ತೀವಿ, ಅಂಚೆಯವ ಮನಿ ಬಾಗಿಲಿಗೆ ತಂದು ಕೊಡ್ತಾನ. ಇಷ್ಟಾದ್ರೂ ನಮ್ಮ ಹುಡುಗಿ ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನ್ಯಾಗ ಪುಸ್ತಕದ ಚೀಲ ಹೊತಗೊಂಡು ನಿಂತಿರ್ತಾಳ. ನೂರು ವರ್ಷದಾಗ ಹೊರಿ ತಲಿಯಿಂದ ಹೆಗಲಿಗೆ ಇಳದೈತಿ, ಅಷ್ಟ.

ಲೆಕ್ಕ ಹೇಳ್ತೀನಿ, ಸಂತಿ ಲೆಕ್ಕ ಮಾಡೂ ಹೆಣ್ಮಕ್ಕಳಿಗೆ ಜಲ್ದಿ ತಿಳೀತೈತಿ. ಆಕಿ ಪುಸ್ತಕಕ್ಕ 150 ರೂಪಾಯಿ ಬೆಲೆ, ಹಾಕಿಸಿದ್ದು 500 ಪ್ರತಿ. ಬರದವರಿಗೆ ನೂರಕ್ಕ ಹತ್ತು ಅಂದ್ರ ಪುಸ್ತಕಕ್ಕ 15 ರೂಪಾಯಿ. 500 ಪೂರಾ ಖರ್ಚಾದ್ರ 7,500. ಎರಡು ವರ್ಷದ ದುಡಿತಕ್ಕ! ಅದೂ ರೊಕ್ಕದಾಗ ಬರಲಿಲ್ಲ, “ನಿಮ್ಮ ಪುಸ್ತಕಾನ ತಗೊಂಡು ಹೋಗ್ರಿ” ಅಂತ ಕೊಟ್ರು. ಆ ಚೀಲದಾಗ ಇದ್ದದ್ದು ಅವ.

ಆ ಚೀಲದಾಗಿನ ಒಂದು ಪ್ರತಿ ನನ್ನ ಮನಿಗೆ ಬಂತು. ನಾ ಏನಂದೆ? “ನಮ್ಮ ಹುಡುಗಿ ಬರದದ್ದು, ನಮಗೂ ರೊಕ್ಕ ತಗೋತಿಯೇನ?” ನಕ್ಕು ಹೆಸರು ಬರದು ಕೊಟ್ಳು. ಅದನ್ನ ನನ್ನ ಮೊಮ್ಮಗಳು ಎರಡು ರಾತ್ರ್ಯಾಗ ಓದಿ ಮುಗಿಸಿದ್ಳು. ಆಕಿ ಗೆಳತಿ ಒಯ್ದಳು, ಗೆಳತಿಯ ಅಕ್ಕ ಓದಿದ್ಳು. ಹಿಂಗ ಓಣಿಯೊಳಗ ಹನ್ನೊಂದು ಹುಡುಗ್ಯಾರು ಓದಿದ್ರು. ರಟ್ಟು ಕಿತ್ತು, ನಡುವಿನ ಹಾಳಿ ಸಡಲಾಗಿ ತಿರುಗಿ ಬಂತು. “ಮುಂದಿನ ಭಾಗ ಯಾವಾಗ?” ಅಂತ ಹನ್ನೊಂದೂ ಕೇಳ್ತಾವ. ಖರ್ಚಾದದ್ದು? ಒಂದೂ ಇಲ್ಲ.

ಹಂಚಿಕೊಂಡು ಓದೂದು ತಪ್ಪಂತ ನಾ ಅನ್ನೂದಿಲ್ಲ. ರೊಕ್ಕ ಇಲ್ಲದ ಮನಿ ಹುಡುಗಿಗೆ ಪುಸ್ತಕ ಸಿಗಲೇಬೇಕು. ಅದಕ್ಕಂತನ ಗ್ರಂಥಾಲಯ ಐತಿ. 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗಿ ಮ್ಯಾಲೆ ನೂರಕ್ಕ ಆರರಂಗ ಗ್ರಂಥಾಲಯ ಕರ ನಾವ ಕಟ್ತೀವಿ. ಪಂಚಾಯ್ತಿ ಗ್ರಂಥಾಲಯಕ್ಕ ಈಗ ಅರಿವು ಕೇಂದ್ರ ಅಂತಾರ. ಅಲ್ಲಿ ಹೋಗಿ “ಈ ವಯಸ್ಸಿನ ಹುಡುಗ್ಯಾರಿಗೆ ಪುಸ್ತಕ ತರಸ್ರಿ” ಅಂತ ನಮ್ಮಲ್ಲಿ ಯಾರಾರ ಒಬ್ಬಾಕಿ ಕೇಳೇವೇನು? ಹ್ಯಾರಿ ಪಾಟರ್ ಕಥಿ ಎಲ್ಲಾ ಹುಡುಗರಿಗೂ ಗೊತ್ತು. 1997ರಲ್ಲಿ ಅದರ ಮೊದಲನೇ ಪುಸ್ತಕದ ಗಟ್ಟಿರಟ್ಟಿನ ಪ್ರತಿ ಹಾಕಿಸಿದ್ದು ಬರೇ 500. ನಮ್ಮ ಹುಡುಗಿದೂ 500. ಆದ್ರ ಆ 500ರಾಗ ಹೆಚ್ಚಿನವು ಗ್ರಂಥಾಲಯಕ್ಕ ಹೋದವು. ಅಲ್ಲಿ ಕೊಳ್ಳೂ ಗ್ರಂಥಾಲಯ ಇದ್ದವು, ಇಲ್ಲಿ ಶಾಲು ಹೊದಿಸೂ ನಾವದೀವಿ.

“ಈಗಿನ ಹುಡುಗರು ಎಲ್ಲಿ ಓದ್ತಾವ, ಮೊಬೈಲ್ ಬಿಡೂದಿಲ್ಲ” ಅಂತ ಒಬ್ಬರು ವೈನಿ ಅಂದ್ರು. ವೈನಿ, ಆ ಹನ್ನೊಂದರಾಗ ನಿಮ್ಮ ಮಗಳೂ ಅದಾಳ. ಇನ್ನೊಬ್ಬರು, “ಬರೂದಿದ್ರ ಇಂಗ್ಲಿಷಿನ್ಯಾಗ ಬರೀಬೇಕು, ಸುಧಾ ಮೂರ್ತಿಯವರಂಗ” ಅಂದ್ರು. ಅವರು ನಮ್ಮ ಶಿಗ್ಗಾಂವ್ಯಾಗ ಹುಟ್ಟಿದವರು, ನಮಗೆಲ್ಲಾ ಅಭಿಮಾನ. 2023ರಲ್ಲಿ ಅವರ ಇಂಗ್ಲಿಷ್ ಪುಸ್ತಕಕ್ಕ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅದ ವರ್ಷ, ಅದ ಪುರಸ್ಕಾರ ಕನ್ನಡಕ್ಕ ಯಾರಿಗೆ ಬಂತು ಹೇಳ್ರಿ ನೋಡೋಣು? ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಕಾದಂಬರಿಗೆ. ಇಬ್ಬರೂ ಕನ್ನಡದ ಹೆಣ್ಮಕ್ಕಳ, ಪುರಸ್ಕಾರದ ರೊಕ್ಕನೂ ಒಂದ. ಒಬ್ಬರ ಹೆಸರು ಸಣ್ಣ ಹುಡುಗರಿಗೂ ಗೊತ್ತು, ಇನ್ನೊಬ್ಬರದು ನನಗ ತಂಗಿ ಮಗಳು ಹೇಳಿದ ಮ್ಯಾಲೆ ಗೊತ್ತಾತು. ತಪ್ಪು ಸುಧಾ ಮೂರ್ತಿಯವರದಲ್ಲ, ನಮ್ಮದು. “ಮಕ್ಕಳಿಗೆ ಕನ್ನಡ ಬರವಲ್ದು” ಅಂತ ಅಳೂದು ನಾವ, ಕನ್ನಡದಾಗ ಮಕ್ಕಳಿಗೆ ಬರಿಯೂ ಹುಡುಗಿಯನ್ನ “ಇದರಾಗ ಏನು ಸಿಗ್ತೈತಿ” ಅಂತ ಕೇಳೂದೂ ನಾವ.

ನಾನೇನು ಶ್ಯಾಣ್ಯಾ ಅಲ್ಲ. 2023ರ ಜನವರಿಯಾಗ ನಮ್ಮ ಹಾವೇರಿಯೊಳಗ 86ನೇ ಸಾಹಿತ್ಯ ಸಮ್ಮೇಳನ ಆತಲ್ಲ, ನಾವೆಲ್ಲಾ ಗಾಡಿ ಮಾಡಿಕೊಂಡು ಹೋಗಿದ್ವಿ. ಪುಸ್ತಕದ ಮಳಿಗಿ ಮುಂದ ನಿಂತು ಫೋಟೋ ತಗಿಸಿಕೊಂಡ್ವಿ. ಮನಿಗೆ ಬಂದು ಚೀಲ ಸುರುವಿದ್ರ ನನ್ನ ಚೀಲದಾಗ ಎರಡು ಡಜನ್ ಬಳಿ, ಒಂದು ಕ್ಯಾಲೆಂಡರ್.

ಬ್ಯಾಡಗಿ ಪ್ಯಾಟಿಗೆ ಹೋಗಿ “ನಮ್ಮ ಊರಾವ ಬೆಳದದ್ದು” ಅಂತ ಒಂದು ಕಿಲೋ ಮೆಣಸಿನಕಾಯಿ ಪುಕ್ಕಟ ಕೇಳ್ತೀವೇನು? ಸೀರಿಗೆ ಗೊಂಡೆ ಕಟ್ಟೂ ಹುಡುಗಿಗೆ ಕೂಲಿ ಕೊಡ್ತೀವಿ, ರೊಟ್ಟಿ ಬಡದು ಕೊಡೂ ಅಕ್ಕಾಗ ರೊಟ್ಟಿ ಲೆಕ್ಕ ಎಣಿಸಿ ಕೊಡ್ತೀವಿ. ಎರಡು ವರ್ಷ ಕುಂತು ಬರದಾಕಿಗೆ ಮಾತ್ರ ಶಾಲು. ಆಕಿ ಕಪಾಟದಾಗ ಈಗ ಹದಿನಾಲ್ಕು ಶಾಲು ಅದಾವ, ತೆಳ್ಳನ್ನವು, ಚಳಿಗೂ ಆಗಂಗಿಲ್ಲ.

ಅದಕ್ಕ ನನ್ನ ಮಾತು ಇಷ್ಟ. ಉಡಿ ತುಂಬಾಕ, ಹುಟ್ಟುಹಬ್ಬಕ್ಕ, ಹುಡುಗಿ ಪಾಸಾದದ್ದಕ್ಕ ಕುಬಸದ ಖಣ ಕೊಡ್ತೀವಲ್ಲ, ಒಂದು ಸಲ ಖಣದ ಜೋಡಿ ಒಂದು ಕನ್ನಡ ಪುಸ್ತಕ ಇಡ್ರಿ. ನಾ ಕೊಟ್ಟ ಖಣ ನಾಕು ಮನಿ ತಿರುಗಿ ನನಗ ಉಡಿಯೊಳಗ ಬಂದದ್ದು ನೀವೆಲ್ಲಾ ನೋಡಿ ನಕ್ಕೀರಿ. ಪುಸ್ತಕ ಹಂಗ ತಿರುಗಿದ್ರೂ ನಾಕು ಹುಡುಗ್ಯಾರು ಓದಿರ್ತಾವ. ಸಭೆಗೆ ಕರದ್ರ ಶಾಲಿನ ರೊಕ್ಕಕ್ಕ ಆಕಿ ಪುಸ್ತಕ ಕೊಂಡು ಸಾಲಿಗೆ ಕೊಡ್ರಿ. ಬರಿಯೂ ಹೆಣ್ಮಗಳು ಮನ್ಯಾಗ ಇದ್ರ ಗಡುವು ಇದ್ದ ದಿನ ಆಕಿ ಪಾಲಿನ ರೊಟ್ಟಿ ನೀವು ಬಡೀರಿ.

ನಾ ಮೊದಲು ಮಾಡೇನಿ. ನನ್ನ ಪುಸ್ತಕದ 150 ರೂಪಾಯಿ ಕಳಿಸಿ, ಉಳದ ಹತ್ತು ಹುಡುಗ್ಯಾರ ಮನಿಗೆ ಹೋಗಿ ಕೇಳಿದೆ. ನಾಕು ಮಂದಿ ಕೊಟ್ರು. ಆರು ಮಂದಿ “ಓದಿ ಆಗೇತಲ್ಲ, ಇನ್ನ ಯಾಕ?” ಅಂದ್ರು. ರೊಕ್ಕ ಮುಟ್ಟಿದ ದಿನ ತಂಗಿ ಮಗಳು ಫೋನ್ ಮಾಡಿದ್ಳು. ಬರೀತೀನಿ ಅನ್ನಲಿಲ್ಲ, ಬರಿಯಂಗಿಲ್ಲ ಅಂತಲೂ ಅನ್ನಲಿಲ್ಲ. “ಯಾವ ಹುಡುಗಿ ಏನಂದ್ಳು ದೊಡ್ಡವ್ವ?” ಅಂತ ಒಂದು ತಾಸು ಕೇಳಿದ್ಳು.

ಉಳದ ಆರು ಮಂದಿ ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹೆಸರು ಬರಿಯಂಗಿಲ್ಲ. ಬರೂ ಸಂತಿ ದಿನ ನಾ ಮನ್ಯಾಗ ಇರ್ತೀನಿ.